ಅಂಡಾಣುವಿನ ವಯಸ್ಸಿಗೆ ಟಾನಿಕ್ ಇಲ್ಲ

ಚನ್ನಪಟ್ಟಣ ದಾಟಿ ಮೈಸೂರಿನ ದಿಕ್ಕಿಗೆ ಸ್ವಲ್ಪ ದೂರ ಹೋದರೆ ದೊಡ್ಡಮಳೂರು. ಅಲ್ಲಿನ ಅಪ್ರಮೇಯಸ್ವಾಮಿ ದೇವಾಲಯದ ಅಂಬೆಗಾಲು ಕೃಷ್ಣನಿಗೆ ಮಕ್ಕಳಿಲ್ಲದವರು ತೊಟ್ಟಿಲ ಹರಕೆ ಹೊರುತ್ತಾರೆ. ಈ ಸೀಮೆಯಲ್ಲಿ ಮದುವೆಯಾಗಿ ವರ್ಷ ತುಂಬುವ ಮೊದಲೇ 'ಏನಾದ್ರೂ ವಿಶೇಷ ಉಂಟಾ?' ಎಂಬ ಪ್ರಶ್ನೆ ಶುರುವಾಗುತ್ತದೆ. ಮೂರು ವರ್ಷ ಕಳೆದರೆ ಹರಕೆ, ಐದು ವರ್ಷ ಕಳೆದರೆ ಬೆಂಗಳೂರಿನ ಆಸ್ಪತ್ರೆ. ಅಷ್ಟು ಹೊತ್ತಿಗೆ ಹೆಂಗಸಿನ ವಯಸ್ಸು 35 ದಾಟಿದ್ದರೆ ವೈದ್ಯರ ಬಾಯಲ್ಲಿ ಒಂದು ಮಾತು ಬರುತ್ತದೆ: 'ಎಗ್ ಕ್ವಾಲಿಟಿ ಸರಿಯಿಲ್ಲ.' ಅದರ ಬೆನ್ನಿಗೇ ಮಾತ್ರೆ, ಪುಡಿ, ಇಂಜೆಕ್ಷನ್ನುಗಳ ಉದ್ದನೆಯ ಚೀಟಿ.

ಹರಕೆಯ ಮೇಲೆ ನನಗೆ ತಕರಾರಿಲ್ಲ. ಅದು ಮನಸ್ಸಿಗೆ ಬಲ ಕೊಡುತ್ತದೆ, ಯಾರ ಜಮೀನನ್ನೂ ಅಡವಿಡಿಸುವುದಿಲ್ಲ. ನನ್ನ ತಕರಾರು ಆ ಚೀಟಿಯ ಹಿಂದಿರುವ ಭರವಸೆಯ ಮೇಲೆ. ವಯಸ್ಸಾದ ಅಂಡಾಣುವನ್ನು ಮತ್ತೆ ಎಳೆಯದಾಗಿಸುವ ಔಷಧ ಇಂದು ಜಗತ್ತಿನ ಯಾವ ದೇಶದಲ್ಲೂ ಇಲ್ಲ. ಈ ಸತ್ಯವನ್ನು ಮೊದಲ ದಿನವೇ ಸ್ಪಷ್ಟವಾಗಿ ಹೇಳಿದರೆ ಎಷ್ಟೋ ಕುಟುಂಬಗಳ ಹಣವೂ ಅದಕ್ಕಿಂತ ಬೆಲೆಯುಳ್ಳ ಕಾಲವೂ ಉಳಿಯುತ್ತದೆ.

ಅಂಡಾಣುವಿನ ಗುಣಮಟ್ಟ ಎಂದರೆ ಏನು ಎಂಬುದನ್ನು ಮೊದಲು ನೋಡೋಣ. ಹೆಣ್ಣುಮಗು ತಾಯಿಯ ಗರ್ಭದಲ್ಲಿ ಐದು ತಿಂಗಳಿರುವಾಗಲೇ ಅದರ ಅಂಡಾಶಯಗಳಲ್ಲಿ 60-70 ಲಕ್ಷ ಅಂಡಾಣುಗಳು ಇರುತ್ತವೆ. ಹುಟ್ಟುವಾಗ 10-20 ಲಕ್ಷ, ಮೈನೆರೆಯುವಾಗ ಮೂರು-ನಾಲ್ಕು ಲಕ್ಷ, 37-38ರ ಹೊತ್ತಿಗೆ ಸುಮಾರು 25 ಸಾವಿರ, ಮುಟ್ಟು ನಿಲ್ಲುವಾಗ ಸಾವಿರದಷ್ಟು. ಇಡೀ ಬದುಕಿನಲ್ಲಿ ಪಕ್ವವಾಗಿ ಹೊರಬರುವುದು ನಾನೂರು-ಐನೂರು ಮಾತ್ರ. ಉಳಿದವು ತಮ್ಮಷ್ಟಕ್ಕೆ ಕರಗುತ್ತವೆ. ಗರ್ಭನಿರೋಧಕ ಮಾತ್ರೆ ನುಂಗಿದರೂ ಬಿಟ್ಟರೂ, ಹತ್ತು ಮಕ್ಕಳನ್ನು ಹೆತ್ತರೂ ಈ ಕರಗುವಿಕೆ ನಿಲ್ಲುವುದಿಲ್ಲ. ಗಂಡಿನ ವೀರ್ಯಾಣು ಎರಡೂವರೆ ಮೂರು ತಿಂಗಳಿಗೊಮ್ಮೆ ಹೊಸದಾಗಿ ತಯಾರಾಗುತ್ತದೆ. 38ರ ಹೆಂಗಸಿನ ಅಂಡಾಣುವಿಗೆ ಮಾತ್ರ 38ಕ್ಕೂ ಮಿಗಿಲಾದ ವಯಸ್ಸು.

ಆದರೆ ಸಂಖ್ಯೆ ಬೇರೆ, ಗುಣ ಬೇರೆ. ಹೆಣ್ಣುಮಗು ಹುಟ್ಟುವ ಮೊದಲೇ ಅಂಡಾಣು ತನ್ನ ವಿಭಜನೆಯನ್ನು ಆರಂಭಿಸಿ ಅರ್ಧದಲ್ಲಿ ನಿಲ್ಲಿಸಿಬಿಡುತ್ತದೆ. ಅದು ಮುಂದುವರಿಯುವುದು ದಶಕಗಳ ನಂತರ, ಹೊರಬರುವ ತಿಂಗಳಲ್ಲಿ. ಅಲ್ಲಿಯವರೆಗೆ ವರ್ಣತಂತುಗಳ ಜೋಡಿಗಳನ್ನು ಹಿಡಿದಿಟ್ಟುಕೊಳ್ಳುವುದು ಕೊಹೆಸಿನ್ ಎಂಬ ಪ್ರೋಟೀನು. ಅದು ಗರ್ಭದಲ್ಲಿ ಒಮ್ಮೆ ಕೂಡಿಕೊಂಡರೆ ಆಮೇಲೆ ಹೊಸದಾಗಿ ಸೇರುವುದಿಲ್ಲ, ಸವೆಯುತ್ತ ಹೋಗುತ್ತದೆ ಎಂದು 2010ರ ಸುಮಾರಿಗೆ ಇಲಿಗಳ ಮೇಲಿನ ಅಧ್ಯಯನಗಳು ತೋರಿಸಿದವು. ಹಿಡಿತ ಸಡಿಲಾದಾಗ ವರ್ಣತಂತುಗಳು ಸಮನಾಗಿ ಹಂಚಿಕೆಯಾಗದೆ ಒಂದು ಹೆಚ್ಚೋ ಒಂದು ಕಡಿಮೆಯೋ ಆಗುತ್ತವೆ. ಇದರ ಜೊತೆಗೆ ಅಂಡಾಣುವಿಗೆ ಶಕ್ತಿ ಒದಗಿಸುವ ಮೈಟೋಕಾಂಡ್ರಿಯಾಗಳ ಕಸುವೂ ವಯಸ್ಸಿನೊಂದಿಗೆ ಕುಗ್ಗುತ್ತದೆ. ಹಂಚಿಕೆ ತಪ್ಪಿದ ಅಂಡಾಣು ಫಲಿತವಾದರೂ ಬಹುಪಾಲು ಗರ್ಭಕೋಶದಲ್ಲಿ ಕಚ್ಚುವುದೇ ಇಲ್ಲ, ಕಚ್ಚಿದರೆ ನಿಲ್ಲುವುದಿಲ್ಲ. ಡೌನ್ ಸಿಂಡ್ರೋಮ್ ಇರುವ ಮಗುವಿನ ಸಾಧ್ಯತೆ ತಾಯಿಯ 25ನೇ ವಯಸ್ಸಿನಲ್ಲಿ ಸುಮಾರು 1,200ಕ್ಕೆ ಒಂದು, 35ರಲ್ಲಿ ಸುಮಾರು 350ಕ್ಕೆ ಒಂದು, 40ರಲ್ಲಿ 100ಕ್ಕೆ ಒಂದು. ನಾರ್ವೆಯಲ್ಲಿ ಲಕ್ಷಾಂತರ ಗರ್ಭಗಳ ದಾಖಲೆ ನೋಡಿ 2019ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಗರ್ಭಪಾತ 25ರಿಂದ 29ರ ತಾಯಂದಿರಲ್ಲಿ ಶೇ 10ರಷ್ಟಿದ್ದರೆ 45 ದಾಟಿದವರಲ್ಲಿ ಅರ್ಧಕ್ಕಿಂತ ಹೆಚ್ಚು.

'ಬಸುರು ನಿಲ್ಲುತ್ತಿಲ್ಲ, ಗರ್ಭಕೋಶ ವೀಕು' ಎಂದು ನಮ್ಮ ಕಡೆ ಹೇಳುವುದುಂಟು. ಇದು ಬಹುತೇಕ ತಪ್ಪು. ದಾನಿಯ ಅಂಡಾಣು ಪಡೆದು ಮಾಡುವ ಚಿಕಿತ್ಸೆಯಲ್ಲಿ ಯಶಸ್ಸು ದಾನಿಯ ವಯಸ್ಸನ್ನು ಅನುಸರಿಸುತ್ತದೆ, ಹೊರುವ ತಾಯಿಯ ವಯಸ್ಸನ್ನಲ್ಲ. 45ರ ಹೆಂಗಸಿನ ಗರ್ಭಕೋಶದಲ್ಲಿ 25ರ ಹೆಂಗಸಿನ ಅಂಡಾಣುವಿನಿಂದಾದ ಭ್ರೂಣ ಚೆನ್ನಾಗಿಯೇ ಬೆಳೆಯುತ್ತದೆ. 2019ರಲ್ಲಿ ಗುಂಟೂರಿನಲ್ಲಿ 70 ದಾಟಿದ ಹೆಂಗಸು ಅವಳಿ ಹೆತ್ತ ಸುದ್ದಿ ಓದಿ 'ಈಗ ಯಾವ ವಯಸ್ಸಲ್ಲೂ ಆಗುತ್ತೆ' ಎಂದುಕೊಂಡವರು ಬಹಳ. ಆ ಅಂಡಾಣು ಅವರದಾಗಿರಲಿಲ್ಲ ಎಂಬ ಸಾಲು ಹೆಚ್ಚಿನವರ ಕಣ್ಣಿಗೆ ಬೀಳಲಿಲ್ಲ.

ಎಲ್ಲಕ್ಕೂ ಮೂಲ ಮೊಟ್ಟೆಯ ಗುಣ ಎಂಬುದನ್ನು ರಾಮನಗರ ಸೀಮೆಯ ರೈತರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಏಷ್ಯಾದ ಅತಿ ದೊಡ್ಡ ರೇಷ್ಮೆಗೂಡಿನ ಮಾರುಕಟ್ಟೆ ಇರುವ ಊರಿದು. ಮಾಗಡಿ, ಕುಣಿಗಲ್ ಕಡೆಯ ಹಳ್ಳಿಗಳು ಮೈಸೂರು ತಳಿಯ ಬಿತ್ತನೆ ಗೂಡಿಗೆ ತಲೆಮಾರುಗಳಿಂದ ಹೆಸರಾದವು. ಮೊಟ್ಟೆಯಿಟ್ಟ ತಾಯಿ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಿ, ಗಂಟುರೋಗದ ಕಣ ಕಂಡರೆ ಆ ಮೊಟ್ಟೆಗಳನ್ನೇ ಸುಟ್ಟುಬಿಡುವ ಕ್ರಮ ಇಲ್ಲಿದೆ. ಇದು 1860ರ ದಶಕದಲ್ಲಿ ಲೂಯಿ ಪಾಶ್ಚರ್ ಫ್ರಾನ್ಸಿನ ರೇಷ್ಮೆಯನ್ನು ಉಳಿಸಿಕೊಟ್ಟ ವಿಧಾನ. ಮೊಟ್ಟೆಯಲ್ಲೇ ದೋಷವಿದ್ದರೆ ಎಂಥ ಎಳೆ ಸೊಪ್ಪು ಹಾಕಿದರೂ ಬೆಳೆ ಬರದು ಎಂಬುದು ಚಾಕಿ (ಎಳೆಹುಳು) ಕಟ್ಟುವ ಪ್ರತಿ ಮನೆಗೂ ಗೊತ್ತು. ವ್ಯತ್ಯಾಸ ಒಂದೇ: ರೈತನಿಗೆ ಮುಂದಿನ ಬೆಳೆಗೆ ಹೊಸ ಮೊಟ್ಟೆ ಸಿಗುತ್ತದೆ, ಹೆಂಗಸಿಗೆ ಸಿಗುವುದಿಲ್ಲ. ಇಷ್ಟು ತಿಳಿದ ಜನರಿಗೂ ಪುಡಿ ಮಾರಲು ಸಾಧ್ಯವಾಗುತ್ತಿರುವುದು ಅವರ ಅಜ್ಞಾನದಿಂದಲ್ಲ, ಸಂಕಟದಿಂದ.

ಆ ಪುಡಿ, ಮಾತ್ರೆಗಳ ಕತೆಯನ್ನು ಒಂದೊಂದಾಗಿ ನೋಡಬೇಕು. ಹೆಚ್ಚು ಬರೆದುಕೊಡುವುದು ಕೋಎನ್‌ಜೈಮ್ ಕ್ಯು10. 2015ರಲ್ಲಿ ಟೊರಾಂಟೊ ಸಂಶೋಧಕರು ವಯಸ್ಸಾದ ಹೆಣ್ಣಿಲಿಗಳಿಗೆ ಇದನ್ನು ಕೊಟ್ಟಾಗ ಅಂಡಾಣುಗಳ ಸ್ಥಿತಿ ಸುಧಾರಿಸಿತು. ಆದರೆ ಅದೇ ತಂಡ ಅದಕ್ಕೆ ಮುನ್ನ ಮಹಿಳೆಯರಲ್ಲಿ ನಡೆಸಿದ ಪ್ರಯೋಗ 40 ಮಂದಿಯನ್ನೂ ಮುಟ್ಟದೆ ಅರ್ಧಕ್ಕೆ ನಿಂತಿತು. ಕಂಡ ವ್ಯತ್ಯಾಸ ಆಕಸ್ಮಿಕವಲ್ಲ ಎನ್ನಲು ಆ ಸಂಖ್ಯೆ ಸಾಲದು. ಹಾನಿ ಕಡಿಮೆ, ಆಸೆಗೆ ಒಂದಷ್ಟು ಆಧಾರವೂ ಇದೆ; ಆದರೆ ಇದರಿಂದ ಹೆಚ್ಚು ಮಕ್ಕಳು ಹುಟ್ಟುತ್ತವೆ ಎಂಬುದು ಸಾಬೀತಾಗಿಲ್ಲ. ಎರಡನೆಯದು ಡಿಎಚ್‌ಇಎ ಎಂಬ ಹಾರ್ಮೋನು. 2015ರಲ್ಲಿ ಕಾಕ್ರೇನ್ ಸಂಸ್ಥೆ 17 ಪ್ರಯೋಗಗಳನ್ನು ಒಟ್ಟಿಗಿಟ್ಟು ತೂಗಿದಾಗ ಲಾಭವಿರುವಂತೆ ಕಂಡಿತು, ಆದರೆ ದುರ್ಬಲವಾಗಿ ನಡೆಸಿದ ಪ್ರಯೋಗಗಳನ್ನು ಬದಿಗಿಟ್ಟ ಕೂಡಲೇ ಆ ಲಾಭ ಅಳಿಸಿಹೋಯಿತು. 2024ರ ಪರಿಷ್ಕರಣೆಯಲ್ಲಿ ಡಿಎಚ್‌ಇಎಯಿಂದ ಹೆಚ್ಚೇನೂ ವ್ಯತ್ಯಾಸವಾಗುವುದಿಲ್ಲ ಎಂಬ ತೀರ್ಮಾನಕ್ಕೆ ಬಂದರು. ಬೆಳವಣಿಗೆಯ ಹಾರ್ಮೋನಿನ ಇಂಜೆಕ್ಷನ್ ದುಬಾರಿ. ಆಸ್ಟ್ರೇಲಿಯಾ-ನ್ಯೂಜಿಲೆಂಡಿನಲ್ಲಿ ನಡೆದ ಪ್ರಯೋಗದಲ್ಲಿ ಅದರಿಂದ ಹೆರಿಗೆಗಳು ಹೆಚ್ಚಲಿಲ್ಲ.

ಮೈಟೋಕಾಂಡ್ರಿಯಾ ತುಂಬುವ ವಿದ್ಯೆಯಂತೂ ಎಚ್ಚರಿಕೆಯ ಪಾಠವೇ. ಹೆಂಗಸಿನ ಅಂಡಾಶಯದಿಂದಲೇ ಮೈಟೋಕಾಂಡ್ರಿಯಾ ತೆಗೆದು ಅಂಡಾಣುವಿಗೆ ಚುಚ್ಚಿದರೆ ಅದು ಚೇತರಿಸಿಕೊಳ್ಳುತ್ತದೆ ಎಂದು ಅಮೆರಿಕದ ಕಂಪನಿಯೊಂದು ಸಾರಿತು, ಬೇರೆ ಬೇರೆ ದೇಶಗಳಲ್ಲಿ ಮಾರಿತು. ಸ್ಪೇನಿನಲ್ಲಿ ಕೊನೆಗೂ ಸರಿಯಾದ ಹೋಲಿಕೆಯ ಪ್ರಯೋಗ ನಡೆದು 2019ರಲ್ಲಿ ಫಲಿತಾಂಶ ಬಂದಾಗ ಯಾವ ಪ್ರಯೋಜನವೂ ಕಾಣಲಿಲ್ಲ. ಪ್ರಯೋಗ ಮೊದಲು, ಮಾರಾಟ ಆಮೇಲೆ ಎಂಬ ಕ್ರಮವನ್ನು ತಲೆಕೆಳಗು ಮಾಡಿದ್ದೇ ಇಲ್ಲಿನ ಅನ್ಯಾಯ. ಈಗ ಬಂದಿರುವುದು ಪಿಆರ್‌ಪಿ, ಅಂದರೆ ಸ್ವಂತ ರಕ್ತದ ಪ್ಲೇಟ್‌ಲೆಟ್ಟುಗಳನ್ನು ಅಂಡಾಶಯಕ್ಕೆ ಚುಚ್ಚುವುದು. 'ಅಂಡಾಶಯಕ್ಕೆ ಮರುಯೌವನ' ಎಂಬ ಹೆಸರಿನಲ್ಲಿ ಇದರ ಜಾಹೀರಾತು ನಡೆಯುತ್ತದೆ. ಯುರೋಪಿನ ಸಂತಾನ ಚಿಕಿತ್ಸಾ ತಜ್ಞರ ಸಂಘ 2023ರಲ್ಲಿ ಇದನ್ನು ಮಾಡಕೂಡದ ಪಟ್ಟಿಯಲ್ಲೇ ಇಟ್ಟಿದೆ. ಭ್ರೂಣದ ವರ್ಣತಂತು ಪರೀಕ್ಷೆಯ ಬಗ್ಗೆಯೂ ಒಂದು ಮಾತು: ಅದು ಇರುವುದರಲ್ಲಿ ಒಳ್ಳೆಯದನ್ನು ಆರಿಸಬಲ್ಲದು, ಕೆಟ್ಟದ್ದನ್ನು ಒಳ್ಳೆಯದಾಗಿಸಲಾರದು.

ಇವೆಲ್ಲಕ್ಕೂ ಹಣ ಬೇಕು. ಬೆಂಗಳೂರಿನಲ್ಲಿ ಪ್ರನಾಳ ಶಿಶು ಚಿಕಿತ್ಸೆಯ, ಅಂದರೆ ಐವಿಎಫ್‌ನ, ಒಂದು ಸುತ್ತಿಗೆ ಸಾಮಾನ್ಯವಾಗಿ ಒಂದೂವರೆ ಲಕ್ಷಕ್ಕೆ ಕಡಿಮೆಯಿಲ್ಲ. ಮೇಲಿನ ಚೀಟಿಯ ಬಾಬ್ತು ಬೇರೆ. 100 ಚಿಟ್ಟೆಗಳ ಮೊಟ್ಟೆ ಸಾಕಿ, ಎಲ್ಲ ಸರಿಯಾಗಿ ನಡೆದರೆ 60-70 ಕೆಜಿ ಗೂಡು ಕೊಯ್ಯುವ ಕನಕಪುರದ ಮನೆಗೆ ಇದು ವರ್ಷದ ಬಹುಪಾಲು ಬೆಳೆಯ ದುಡ್ಡು. ಆಯುಷ್ಮಾನ್ ಯೋಜನೆಯಲ್ಲಿ ಸಂತಾನ ಚಿಕಿತ್ಸೆ ಇಲ್ಲ, ಖಾಸಗಿ ವಿಮೆಗಳಲ್ಲೂ ಬಹುಪಾಲು ಇಲ್ಲ. ಹೆಂಗಸಿನ ವಯಸ್ಸು 42 ದಾಟಿದ್ದರೆ ಸ್ವಂತ ಅಂಡಾಣುವಿನಿಂದ ಒಂದು ಸುತ್ತಿನಲ್ಲಿ ಮಗು ಕೈಗೆ ಬರುವ ಸಾಧ್ಯತೆ ಶೇ 5ರ ಆಸುಪಾಸು. ಈ ಅಂಕಿಯನ್ನು ಕಾಗದದ ಮೇಲೆ ಬರೆದು ದಂಪತಿಯ ಕೈಗೆ ಕೊಡದೆ ದುಡ್ಡು ಕಟ್ಟಿಸಿಕೊಳ್ಳುವುದನ್ನು ನಾನು ವೈದ್ಯಕೀಯ ಎಂದು ಒಪ್ಪಲಾರೆ.

ಹಾಗಾದರೆ ಕೈಲಾದದ್ದೇನೂ ಇಲ್ಲವೇ? ಇದೆ. ಹೊರಬರುವ ಮುನ್ನ ಅಂಡಾಣು ಸುಮಾರು ಮೂರು ತಿಂಗಳು ತನ್ನ ಕೋಶದಲ್ಲಿ ಬೆಳೆಯುತ್ತದೆ, ಆ ಅವಧಿಯಲ್ಲಿ ದೇಹದ ಸ್ಥಿತಿ ಅದನ್ನು ತಟ್ಟುತ್ತದೆ. ಥೈರಾಯ್ಡ್ ಸರಿಯಿಲ್ಲದಿದ್ದರೆ ಸರಿಪಡಿಸಿಕೊಳ್ಳಬೇಕು. ಸಕ್ಕರೆ ಕಾಯಿಲೆ, ಅತಿ ತೂಕ, ಅತಿ ಬಡಕಲುತನ ಹತೋಟಿಗೆ ಬರಬೇಕು. ಹೊಗೆಸೊಪ್ಪು, ಕಡ್ಡಿಪುಡಿ ಬಿಡಬೇಕು; ಧೂಮಪಾನ ಮುಟ್ಟು ನಿಲ್ಲುವ ಕಾಲವನ್ನು ಒಂದೆರಡು ವರ್ಷ ಮುಂಚಿತಗೊಳಿಸುತ್ತದೆ ಎಂಬುದು ಗಟ್ಟಿಯಾದ ಸಂಗತಿ. ನಮ್ಮ ಹೆಂಗಸರು ಬೀಡಿ ಸೇದುವುದು ಅಪರೂಪ, ಆದರೆ ಮನೆಯೊಳಗೆ ಸೇದುವ ಗಂಡಸರ ಹೊಗೆ ಅವರ ಶ್ವಾಸಕ್ಕೂ ಹೋಗುತ್ತದೆ. ಫೋಲಿಕ್ ಆಸಿಡ್ ಮಾತ್ರೆ ಬಸುರಿಗೆ ಮುಂಚಿನಿಂದಲೇ ಬೇಕು. ಜನನಾಂಗದ ಕ್ಷಯ ನಮ್ಮ ದೇಶದಲ್ಲಿ ಬಂಜೆತನಕ್ಕೆ ದೊಡ್ಡ ಕಾರಣಗಳಲ್ಲೊಂದು, ಅದನ್ನು ಹುಡುಕಬೇಕು. ಅಂಡಾಶಯದ ನೀರುಗುಳ್ಳೆಗೆಂದು ಸುಮ್ಮಸುಮ್ಮನೆ ಆಪರೇಷನ್ ಮಾಡಿಸಬಾರದು, ಗುಳ್ಳೆಯ ಜೊತೆ ಅಂಡಾಣುಗಳೂ ಹೋಗುತ್ತವೆ. ಇವೆಲ್ಲ ಇದ್ದದ್ದನ್ನು ಕಾಪಾಡುವ ಕೆಲಸ. ಸಡಿಲಾದ ವರ್ಣತಂತುಗಳನ್ನು ಮತ್ತೆ ಬಿಗಿಯುವ ಕೆಲಸವಲ್ಲ.

ಎಎಂಎಚ್ ಎಂಬ ರಕ್ತಪರೀಕ್ಷೆ ಇನ್ನೊಂದು ಭಯದ ಮೂಲ. ಅದು ಹೇಳುವುದು ಉಳಿದಿರುವ ಅಂಡಾಣುಗಳ ಅಂದಾಜನ್ನು ಮಾತ್ರ. 2017ರಲ್ಲಿ ಅಮೆರಿಕದ ಅಧ್ಯಯನವೊಂದು 30ರಿಂದ 44ರೊಳಗಿನ, ಬಂಜೆತನದ ಹಿನ್ನೆಲೆಯಿಲ್ಲದ ಮಹಿಳೆಯರನ್ನು ಹಿಂಬಾಲಿಸಿದಾಗ ಎಎಂಎಚ್ ಕಡಿಮೆಯಿದ್ದವರೂ ಉಳಿದವರಷ್ಟೇ ಸಹಜವಾಗಿ ಗರ್ಭ ಧರಿಸಿದರು. 29ರ ಹೆಂಗಸಿಗೆ ಎಎಂಎಚ್ ಕಡಿಮೆ ಎಂದು ಹೆದರಿಸಿ ನೇರ ಐವಿಎಫ್‌ಗೆ ಕೂರಿಸುವುದು, 41ರ ಹೆಂಗಸಿಗೆ ಎಎಂಎಚ್ ಚೆನ್ನಾಗಿದೆ ಎಂದು ಸಮಾಧಾನ ಹೇಳಿ ಕಾಯಿಸುವುದು, ಎರಡೂ ತಪ್ಪು.

ಈಗ ಕಾಲದ ಪ್ರಶ್ನೆ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳ ಬದುಕು ಒಂದೇ ತಲೆಮಾರಿನಲ್ಲಿ ಬದಲಾಗಿದೆ. ಬಿಡದಿಯ ಕಾರ್ಖಾನೆಗಳು, ಕನಕಪುರ ರಸ್ತೆಯ ಗಾರ್ಮೆಂಟ್ಸ್, ಬೆಂಗಳೂರಿನ ಕಚೇರಿಗಳಿಗೆ ದಿನವೂ ರೈಲು-ಬಸ್ಸು ಹಿಡಿಯುವ ಹೆಣ್ಣುಮಕ್ಕಳು ಓದಿದ್ದಾರೆ, ದುಡಿಯುತ್ತಿದ್ದಾರೆ, ಮದುವೆಯನ್ನು ತಡಮಾಡುತ್ತಿದ್ದಾರೆ. ಇನ್ನೊಂದು ಕಡೆ ವ್ಯವಸಾಯದ ಗಂಡುಮಕ್ಕಳು ಹೆಣ್ಣು ಸಿಗದೆ 38, 40ರವರೆಗೆ ಕಾಯುತ್ತಿದ್ದಾರೆ. 2023ರ ಫೆಬ್ರುವರಿಯಲ್ಲಿ ಪಕ್ಕದ ಮಂಡ್ಯ ಜಿಲ್ಲೆಯಿಂದ ಅವಿವಾಹಿತ ಯುವಕರು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೊರಟದ್ದು ನೆನಪಿರಬಹುದು. ಇವರ ಜೊತೆಗೆ ಮತ್ತೊಂದು ಗುಂಪಿದೆ, ಅವರ ಬಗ್ಗೆ ಯಾರೂ ಮಾತಾಡುವುದಿಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 2019-21ರಲ್ಲಿ ಕರ್ನಾಟಕದ ವಿವಾಹಿತೆಯರಲ್ಲಿ ಶೇ 57ರಷ್ಟು ಮಂದಿ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದರು, ಬಹಳಷ್ಟು ಜನ ಮೂವತ್ತರೊಳಗೇ. ಅವರಲ್ಲಿ ಕೆಲವರು ಮಗುವನ್ನು ಕಳೆದುಕೊಂಡು ಹತ್ತು ವರ್ಷದ ಮೇಲೆ ಮತ್ತೆ ಆಸ್ಪತ್ರೆಯ ಬಾಗಿಲಿಗೆ ಬರುತ್ತಾರೆ. ಕತ್ತರಿಸಿದ ಅಂಡನಾಳದ ಕೊಳವೆ ಜೋಡಿಸಬಹುದು, ಕಳೆದ ಹತ್ತು ವರ್ಷವನ್ನು ಜೋಡಿಸಲಾಗದು.

ಮನೆಗಳಲ್ಲಿ ಕಾಲ ಸೋರಿಹೋಗುವ ದಾರಿ ಗೊತ್ತಿರುವಂಥದೇ. ಮೊದಲು ಸೊಸೆಯನ್ನು ಮಾತ್ರ ಆಸ್ಪತ್ರೆಗೆ ಕಳಿಸುತ್ತಾರೆ. ನಾಟಿ ಔಷಧ, ಸ್ಕ್ಯಾನಿಂಗ್, ಕೊಳವೆ ಪರೀಕ್ಷೆ, ಎಲ್ಲ ಅವಳಿಗೇ. ಮಕ್ಕಳಾಗದ ದಂಪತಿಗಳಲ್ಲಿ ಅರ್ಧದಷ್ಟು ಕಡೆ ಗಂಡಿನ ಪಾಲೂ ಇರುತ್ತದೆ. ವೀರ್ಯ ಪರೀಕ್ಷೆ ಕೆಲವು ನೂರು ರೂಪಾಯಿಯ ಕೆಲಸ, ನೋವಿಲ್ಲ, ಒಂದು ದಿನದಲ್ಲಿ ಉತ್ತರ ಸಿಗುತ್ತದೆ. ಆದರೂ ಅದು ಎರಡು-ಮೂರು ವರ್ಷ ಮುಂದೂಡಿಕೆಯಾಗುತ್ತದೆ, ಏಕೆಂದರೆ 'ನಮ್ಮ ಹುಡುಗನಿಗೇನಾಗಿದೆ?' 33ಕ್ಕೆ ಮದುವೆಯಾದ ಹೆಂಗಸಿನ ಮಟ್ಟಿಗೆ ಆ ಮೂರು ವರ್ಷವೇ ಎಲ್ಲವೂ. ಗಂಡಸಿನ ಮಾನ ಉಳಿಸಲು ಹೆಂಗಸಿನ ಅಂಡಾಣುಗಳನ್ನು ತೆರುತ್ತಿದ್ದೇವೆ ಎಂದು ಕಟುವಾಗಿಯೇ ಹೇಳಬೇಕಾಗಿದೆ.

ಇಷ್ಟು ಓದಿ 'ಅದಕ್ಕೇ ಹೆಣ್ಣುಮಕ್ಕಳನ್ನು ಓದಿಸದೆ ಬೇಗ ಮದುವೆ ಮಾಡಬೇಕು' ಎನ್ನುವವರಿಗೆ ನನ್ನ ಉತ್ತರ ಬೇರೆ ಇದೆ. 2019ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ ಸಂಶೋಧನೆಯ ಪ್ರಕಾರ ಅಂಡಾಣುಗಳ ವರ್ಣತಂತು ದೋಷ ಮೂವತ್ತರ ನಡುಭಾಗದ ನಂತರ ಏರುವುದಷ್ಟೇ ಅಲ್ಲ, ಇಪ್ಪತ್ತರೊಳಗಿನ ಹುಡುಗಿಯರಲ್ಲೂ ಹೆಚ್ಚು. ಇಪ್ಪತ್ತರ ದಶಕ ಪೂರ್ತಿ, ಮೂವತ್ತರ ಆರಂಭದವರೆಗೂ ಅದು ಕಡಿಮೆಯೇ ಇರುತ್ತದೆ. ಗರ್ಭನಿರೋಧ ಬಳಸದ ಅಮೆರಿಕದ ಹಟರೈಟ್ ಸಮುದಾಯದ 1950ರ ದಶಕದ ದಾಖಲೆಗಳಲ್ಲಿ 35ರ ಹೊತ್ತಿಗೆ ಹೆರುವ ಶಕ್ತಿ ಕಳೆದುಕೊಂಡವರು ಶೇ 11ರಷ್ಟು, 40ಕ್ಕೆ ಶೇ 33, 45ಕ್ಕೆ ಶೇ 87. 18ರ ಹುಡುಗಿಗೆ ಆತುರವಿಲ್ಲ, 28ರವಳಿಗೂ ಗಾಬರಿ ಬೇಕಿಲ್ಲ ಎಂದೇ ಇದರ ಅರ್ಥ. ಓದು, ನೌಕರಿ, ಆಮೇಲೆ ಮದುವೆ, ಎಲ್ಲಕ್ಕೂ ಜಾಗವಿದೆ. ಜಾಗವಿಲ್ಲದಿರುವುದು 35ರ ನಂತರದ ಅಸಡ್ಡೆಗೆ. ಭಾರತದ ಹೆಂಗಸರಲ್ಲಿ ಮುಟ್ಟು ನಿಲ್ಲುವ ಸರಾಸರಿ ವಯಸ್ಸು 46-47, ಪಶ್ಚಿಮದ ದೇಶಗಳಲ್ಲಿ 51. ಅಲ್ಲಿನ ಸಿನಿಮಾ ತಾರೆ 44ಕ್ಕೆ ತಾಯಾದ ಸುದ್ದಿಯನ್ನು ನಮ್ಮ ಲೆಕ್ಕಕ್ಕೆ ಹಿಡಿಯಬಾರದು.

ಅಂಡಾಣುವನ್ನು ಮೊದಲೇ ತೆಗೆದು ಶೈತ್ಯೀಕರಿಸಿಡುವುದು ಉಳ್ಳವರ ಸವಲತ್ತು. ಮೂವತ್ತರಲ್ಲಿ ತೆಗೆದಿಟ್ಟದ್ದು ಮೂವತ್ತರದಾಗಿಯೇ ಉಳಿಯುತ್ತದೆ ಎಂಬುದು ನಿಜ, ಮಗು ಖಾತರಿ ಎಂಬುದು ನಿಜವಲ್ಲ. ದಾನಿ ಅಂಡಾಣುವಿನ ದಾರಿಗೆ 2021ರ ಸಂತಾನ ಚಿಕಿತ್ಸಾ ಕಾಯ್ದೆ ಕಟ್ಟು ಹಾಕಿದೆ: ದಾನಿಗೆ 23ರಿಂದ 35 ವರ್ಷ, ಬದುಕಿನಲ್ಲಿ ಒಂದೇ ಬಾರಿ ದಾನ, ಏಳಕ್ಕಿಂತ ಹೆಚ್ಚು ಅಂಡಾಣು ತೆಗೆಯುವಂತಿಲ್ಲ, ಚಿಕಿತ್ಸೆ ಪಡೆಯುವ ಹೆಂಗಸಿಗೆ 50, ಗಂಡಸಿಗೆ 55ರ ಮಿತಿ. ಚಿಕಿತ್ಸಾ ಕೇಂದ್ರ ನೋಂದಣಿಯಾಗಿದೆಯೇ ಎಂದು ಕೇಳುವ ಹಕ್ಕು ಪ್ರತಿ ದಂಪತಿಗೂ ಇದೆ, ಕೇಳಲೇಬೇಕು.

ಚಿಕಿತ್ಸೆಯನ್ನು ಎಲ್ಲಿ ನಿಲ್ಲಿಸಬೇಕು ಎಂಬುದನ್ನೂ ಯಾರಾದರೂ ಹೇಳಬೇಕಲ್ಲ. ಮಾಗಡಿ ತಾಲ್ಲೂಕಿನ ಹುಲಿಕಲ್ಲಿನ ತಿಮ್ಮಕ್ಕ ಮತ್ತು ಚಿಕ್ಕಯ್ಯ ಮಕ್ಕಳಾಗದೆ ನೊಂದವರು. ಹುಲಿಕಲ್ಲಿನಿಂದ ಕುದೂರಿನ ದಾರಿಯಲ್ಲಿ ಸುಮಾರು 385 ಆಲದ ಸಸಿ ನೆಟ್ಟು, ಕೊಡದಲ್ಲಿ ನೀರು ಹೊತ್ತು ಬೆಳೆಸಿದರು. 2019ರಲ್ಲಿ ಸಾಲುಮರದ ತಿಮ್ಮಕ್ಕನಿಗೆ ಪದ್ಮಶ್ರೀ ಬಂದಾಗ ನಾಡೇ ಕೈಮುಗಿಯಿತು. ಆದರೆ ಅವರನ್ನು ಹೊಗಳಿದ ನಾವೇ ನಮ್ಮ ಬೀದಿಯ ಮಕ್ಕಳಿಲ್ಲದ ಹೆಂಗಸನ್ನು ಬಾಣಂತಿಯ ಆರತಿಗೆ ಕರೆಯುವುದಿಲ್ಲ. ಅವಮಾನದ ಭಯ ಇರುವವರೆಗೆ ಯಾವ ದಂಪತಿಯೂ ನಾಲ್ಕನೇ ಸುತ್ತಿಗೆ ಬೇಡ ಎನ್ನಲಾರರು. ದತ್ತು, ಅಥವಾ ಇಬ್ಬರೇ ಬದುಕುವುದು, ಎರಡನ್ನೂ ಸೋಲೆಂದು ನೋಡದ ಮನೆಯಲ್ಲಿ ಮಾತ್ರ ಚಿಕಿತ್ಸೆಯ ಬಗ್ಗೆ ತಣ್ಣಗೆ ಯೋಚಿಸಲು ಸಾಧ್ಯ.

ಈ ಕ್ಷೇತ್ರದಲ್ಲಿ ಪ್ರಾಮಾಣಿಕತೆಗೆ ನಮ್ಮಲ್ಲೇ ಮಾದರಿ ಇದೆ. 1986ರಲ್ಲಿ ಮುಂಬೈಯಲ್ಲಿ ಇಂದಿರಾ ಹಿಂದುಜಾ ಅವರೊಡನೆ ಪ್ರನಾಳ ಶಿಶುವಿನ ಯಶಸ್ಸು ಕಂಡ ಟಿ.ಸಿ. ಆನಂದಕುಮಾರ್ ಮುಂದೆ ಬೆಂಗಳೂರಿನಲ್ಲಿ ಚಿಕಿತ್ಸಾಲಯ ನಡೆಸಿದರು. ಕೋಲ್ಕತ್ತದ ಸುಭಾಷ್ ಮುಖೋಪಾಧ್ಯಾಯ 1978ರಲ್ಲೇ ಆ ಯಶಸ್ಸು ಸಾಧಿಸಿದ್ದರು, ಅವಮಾನಕ್ಕೊಳಗಾಗಿ 1981ರಲ್ಲಿ ಆತ್ಮಹತ್ಯೆ ಮಾಡಿಕೊಂಡಿದ್ದರು. ಅವರ ಟಿಪ್ಪಣಿಗಳನ್ನು ಓದಿದ ಆನಂದಕುಮಾರ್, ಮೊದಲಿಗರು ಅವರೇ, ನಾವಲ್ಲ ಎಂದು 1997ರಲ್ಲಿ ಸಾರ್ವಜನಿಕವಾಗಿ ಹೇಳಿದರು. ತನ್ನ ಕಿರೀಟವನ್ನೇ ತೆಗೆದು ಸತ್ಯಕ್ಕೆ ಕೊಟ್ಟ ವಿಜ್ಞಾನಿ ಓಡಾಡಿದ ಊರು ಬೆಂಗಳೂರು. ಇಲ್ಲಿನ ವೈದ್ಯರಿಂದ ಒಂದು ಶೇಕಡಾವಾರು ಅಂಕಿಯನ್ನು ನೇರವಾಗಿ ನಿರೀಕ್ಷಿಸುವುದು ಅತಿಯಾಸೆಯಲ್ಲ.

ಸರ್ಕಾರಕ್ಕೂ ಇಲ್ಲಿ ಹೊಣೆಯಿದೆ. 1930ರಲ್ಲಿ ಮೈಸೂರು ಸಂಸ್ಥಾನ ಬೆಂಗಳೂರು ಮತ್ತು ಮೈಸೂರಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣ ಚಿಕಿತ್ಸಾಲಯ ತೆರೆದಾಗ ಸರ್ಕಾರವೊಂದು ಅಂಥ ಕೆಲಸಕ್ಕೆ ಕೈಹಾಕಿದ್ದು ಜಗತ್ತಿನಲ್ಲೇ ಮೊದಲು. ಆಗ ಈ ರಾಮನಗರ ಕ್ಲೋಸ್‌ಪೇಟೆಯಾಗಿ ಅದೇ ಸಂಸ್ಥಾನದಲ್ಲಿತ್ತು. ಮಕ್ಕಳು ಬೇಡ ಎನ್ನುವವರಿಗೆ ತೊಂಬತ್ತು ವರ್ಷಗಳಿಂದ ಸರ್ಕಾರಿ ನೆರವಿದೆ, ಬೇಕು ಎನ್ನುವವರನ್ನು ಪೂರ್ತಿ ಮಾರುಕಟ್ಟೆಗೆ ಬಿಟ್ಟಿದ್ದೇವೆ. ಈಗ ಬೆಂಗಳೂರು ದಕ್ಷಿಣ ಎಂದು ಹೆಸರು ಬದಲಾದ ಈ ಜಿಲ್ಲೆಯಲ್ಲಿ ಐವಿಎಫ್ ಪ್ರಯೋಗಾಲಯ ಕಟ್ಟಿ ಎಂದು ನಾನು ಕೇಳುತ್ತಿಲ್ಲ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಯ ಸರ್ಕಾರಿ ಆಸ್ಪತ್ರೆಗಳಲ್ಲಿ ವಾರಕ್ಕೊಂದು ದಿನ ದಂಪತಿಗಳಿಗೆಂದೇ ಮೀಸಲಿಡಿ. ವೀರ್ಯ ಪರೀಕ್ಷೆ, ಥೈರಾಯ್ಡ್, ಕ್ಷಯದ ತಪಾಸಣೆ, ಸ್ಕ್ಯಾನಿಂಗ್, ಕೊಳವೆ ಪರೀಕ್ಷೆಗಳನ್ನು ಅಲ್ಲೇ ಮಾಡಿ. ವಯಸ್ಸಿಗೆ ತಕ್ಕ ಸಾಧ್ಯತೆಯನ್ನು ಕನ್ನಡದಲ್ಲಿ ಬರೆದುಕೊಡಿ. ಆಶಾ ಕಾರ್ಯಕರ್ತೆಯರಿಗೆ ಒಂದು ಸರಳ ನಿಯಮ ಕಲಿಸಿ, ಅವರು ಮನೆಮನೆಗೆ ಮುಟ್ಟಿಸುತ್ತಾರೆ.

ಆ ನಿಯಮ ಇಷ್ಟು. ಹೆಂಡತಿಗೆ 35ರೊಳಗಿದ್ದರೆ ಒಂದು ವರ್ಷ ಪ್ರಯತ್ನಿಸಿ ಆಗದಿದ್ದಾಗ, 35 ದಾಟಿದ್ದರೆ ಆರು ತಿಂಗಳಿಗೆ, 40 ದಾಟಿದ್ದರೆ ತಡಮಾಡದೆ, ಗಂಡ-ಹೆಂಡತಿ ಇಬ್ಬರೂ ಒಂದೇ ದಿನ, ಒಟ್ಟಿಗೆ ವೈದ್ಯರ ಬಳಿ ಹೋಗಿ. ಮೊದಲ ಪರೀಕ್ಷೆ ಗಂಡನದಾಗಲಿ.